ಗ್ಲೌಸಿನ ಒಳಗಿನ ಟೇಪು

ಶಿರಾ
3 ಆಗಸ್ಟ್ 2025

ಭೀಮರಾಜು,

ಆಶೀರ್ವಾದ. ನಿನ್ನ ಫೋನು ಬಂತು. ಸರೋಜಮ್ಮ ಕಿವಿಗೆ ಹಿಡಿದಳು, ಒಂದಕ್ಷರ ಕೇಳಲಿಲ್ಲ. ಈ ಕಿವಿ ಮೆಷಿನ್ನು ಫೋನ್ ಹತ್ತಿರ ತಂದರೆ ಕುಕ್ಕರ್ ಥರ ಸೀಟಿ ಹೊಡೆಯುತ್ತೆ. ವಾಟ್ಸಾಪಲ್ಲಿ ಹಾಕ್ತೀನಿ ಅಂದೆಯಂತೆ. ಆ ಅಕ್ಷರ ನನ್ನ ಕಣ್ಣಿಗೆ ಕಾಣಲ್ಲ. ಅಲ್ಲದೆ ‘ಕೆಂಪುಗರಿ ಅಭಿಮಾನಿಗಳು’ ಗುಂಪಿನಿಂದ ನನ್ನನ್ನು ಹೊರಗೆ ಹಾಕಿದ್ದಾರೆ. ಆಫ್‌ಸೈಡ್ ಗೊತ್ತಿಲ್ಲದವನಿಗೆ ‘ನಿನಗೆ ಆಫ್‌ಸೈಡ್ ಗೊತ್ತಿಲ್ಲ’ ಅಂದದ್ದು ತಪ್ಪಾಯಿತಂತೆ.

ಆದ್ದರಿಂದ ಕಾಗದ ಬರಿ. ದಪ್ಪ ಅಕ್ಷರದಲ್ಲಿ. ಬೆಳಗ್ಗೆ ಕಂಡಕ್ಟರ್ ತಿಪ್ಪೇಶನ ಬಸ್ಸಲ್ಲಿ ಕೊಟ್ಟರೆ ಊಟದ ಹೊತ್ತಿಗೆ ನನ್ನ ಕೈಗೆ ಬರುತ್ತೆ. ನಿನ್ನ ತಾಲ್ಲೂಕು ಕಚೇರಿಯಿಂದ ಕ್ರೀಡಾಂಗಣಕ್ಕೆ ನಡೆದರೆ ಐದು ನಿಮಿಷ. ನೆಪ ಹೇಳಬೇಡ.

ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿ ಬಿಸಿಲಲ್ಲಿ ಸೀಟಿ ಊದಿದೆ. ಒಂದು ಪ್ರೊಫೆಷನಲ್ ಟೀಮು ನಮ್ಮ ಕಡೆ ಬಂದು ಕ್ಯಾಂಪ್ ಹಾಕೋದನ್ನ ಕಣ್ಣಾರೆ ನೋಡಬೇಕು ಅಂತ ಆಸೆ ಇತ್ತು. ಈಗ ಬೆಂಗಳೂರಿನ ಕೆಂಪುಗರಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಮಧುಗಿರಿಗೆ ಬಂದಿದೆ, ನಾನು ಸೊಂಟ ಮುರಿದುಕೊಂಡು ಮಂಚದ ಮೇಲಿದ್ದೀನಿ. ಇನ್ನೂ ಒಂದು ತಿಂಗಳು ಹೊಸ್ತಿಲು ದಾಟಬೇಡಿ ಅಂತ ಡಾಕ್ಟರು. ಇದಕ್ಕೆ ಯಾರನ್ನ ಬೈಯಲಿ ಹೇಳು.

ಮೂವತ್ತು ಜನರನ್ನ ಕರೆದಿದ್ದಾರೆ, ಉಳಿಸಿಕೊಳ್ಳೋದು ಇಪ್ಪತ್ತೆರಡು. ಗೋಲ್‌ಕೀಪರ್‌ಗಳು ಮೂವರು, ಉಳಿಯೋರು ಇಬ್ಬರು. ಅದರಲ್ಲಿ ಒಬ್ಬಳು ಹಳಬಳು, ಅವಳ ಜಾಗ ಗಟ್ಟಿ. ಇನ್ನೊಂದು ಜಾಗಕ್ಕೆ ಕೊರಟಗೆರೆಯ ಭವ್ಯ, ಮತ್ತೆ ನಮ್ಮ ಗಂಗಾಂಬಿಕಾ. ತಾವರೆಕೆರೆ ಚಿಕ್ಕನರಸಯ್ಯನ ಮಗಳು. ಹನ್ನೆರಡನೇ ವಯಸ್ಸಿಂದ ನಾನೇ ತಿದ್ದಿದ ಕೈ ಅದು. ನನ್ನ ಶಿಷ್ಯರಲ್ಲಿ ಇಷ್ಟು ದೂರ ಬಂದೋರು ಇನ್ನೊಬ್ಬರಿಲ್ಲ. ಇಪ್ಪತ್ತೆರಡನೇ ತಾರೀಕು ಲಿಸ್ಟು. ಅಲ್ಲಿವರೆಗೆ ದಿನಾ ಹೋಗಿ ನೋಡು.

ಶಂಕರಲಿಂಗಪ್ಪ


ಮಧುಗಿರಿ
5 ಆಗಸ್ಟ್ 2025

ಪೂಜ್ಯ ಮೇಷ್ಟ್ರಿಗೆ ಭೀಮರಾಜು ಮಾಡುವ ನಮಸ್ಕಾರಗಳು.

ನಿನ್ನೆ ಆಫೀಸು ಮುಗಿಸಿ ಹೋಗಿದ್ದೆ. ಜನ ಚೆನ್ನಾಗಿ ಸೇರಿದ್ದರು. ಎಲ್ಲರೂ ಚೆನ್ನಾಗಿ ಆಡಿದರು. ಹನ್ನೊಂದನೇ ನಂಬರಿನ ಲೋಹಿತಾ ಅನ್ನೋ ಹುಡುಗಿ ತುಂಬಾ ಜೋರಾಗಿ ಓಡ್ತಾಳೆ. ಗಂಗಾನೂ ಚೆನ್ನಾಗಿ ಆಡಿದಳು. ಕೋಚ್ ಮೇಡಂ ಮಲಯಾಳಿ, ಜಾಸ್ತಿ ಮಾತಾಡಲ್ಲ.

ನಿಮ್ಮ ಸೊಂಟ ಹೆಂಗಿದೆ? ಅಮ್ಮನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ ಶಿಷ್ಯ
ಭೀಮರಾಜು


ಶಿರಾ
6 ಆಗಸ್ಟ್ 2025

ಲೇ ಭೀಮ,

ಇದೇನು ಕಾಗದವೋ, ಮದುವೆ ಊಟಕ್ಕೆ ಹೋಗಿ ಬಂದವನ ವರದಿಯೋ? ‘ಎಲ್ಲರೂ ಚೆನ್ನಾಗಿ ಆಡಿದರು’ ಅಂತೆ! ಎಲ್ಲರೂ ಚೆನ್ನಾಗಿ ಆಡಿದರೆ ಎಂಟು ಜನರನ್ನ ಯಾಕೆ ಮನೆಗೆ ಕಳಿಸ್ತಾರೆ? ಲೋಹಿತಾ ಜೋರಾಗಿ ಓಡ್ತಾಳೆ ಸರಿ, ಚೆಂಡು ಅವಳ ಜೊತೆ ಓಡುತ್ತೋ ಇಲ್ಲವೋ? ಎಡಗಾಲಲ್ಲಿ ಕ್ರಾಸ್ ಹಾಕ್ತಾಳಾ? ನೀನೂ ಮೂರು ವರ್ಷ ರೈಟ್ ವಿಂಗ್ ಆಡಿದವನು. ನೋಡೋಕೆ ನಿನಗೆ ನಾನು ಮತ್ತೆ ಹೇಳಿಕೊಡಬೇಕಾ?

ಗಂಗಾ ಎಷ್ಟು ಚೆಂಡು ಹಿಡಿದಳು, ಎಷ್ಟು ಬಿಟ್ಟಳು, ಯಾವ ಕಡೆ ಬಿಟ್ಟಳು, ಬರಿ. ನನ್ನ ಸೊಂಟ ಎಲ್ಲೂ ಹೋಗಲ್ಲ, ಅದರ ವಿಚಾರ ಕೊನೆಗೆ ಕೇಳು.

ಶಂ.


ಮಧುಗಿರಿ
9 ಆಗಸ್ಟ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಬೈಸಿಕೊಂಡ ಮೇಲೆ ಮಗಳ ನೋಟ್‌ಬುಕ್ಕು ಇಸ್ಕೊಂಡು ಹೋಗಿ ಬೇಲಿ ಪಕ್ಕ ಕೂತು ಬರ್ಕೊಂಡಿದ್ದೀನಿ. ನನ್ನ ಪಕ್ಕದಲ್ಲಿ ದಿನಾ ಕದಿರಯ್ಯ ಅನ್ನೋರು ಕೂರ್ತಾರೆ. ಪಾವಗಡದ ಕಡೆಯೋರು, ತೆಲುಗು ಬೆರೆಸಿ ಮಾತಾಡ್ತಾರೆ, ಇಲ್ಲಿ ಹಾರ್ಡ್‌ವೇರ್ ಅಂಗಡಿ. ಏನೇ ಆದರೂ ‘ಅಯ್ಯೋ, ಇದೇಮಿ ಆಟ ಅಪ್ಪಾ’ ಅಂತ ತಲೆ ಚಚ್ಕೊತಾರೆ. ಗೋಲ್ ಆದರೂ ಅದೇ, ಆಗದಿದ್ದರೂ ಅದೇ. ತಲೆ ಚಿಟ್ಟು ಹಿಡಿದುಹೋಗಿದೆ.

ನಿನ್ನೆ ಅವರವರಲ್ಲೇ ಎರಡು ಭಾಗ ಮಾಡಿ ಮ್ಯಾಚ್ ಆಡಿಸಿದರು. ಲೋಹಿತಾ ಎಡಗಾಲಲ್ಲಿ ಕ್ರಾಸ್ ಹಾಕಲ್ಲ. ಚೆಂಡನ್ನ ಬಲಕ್ಕೆ ಎಳ್ಕೊಂಡು ಸುತ್ತಿ ಬರ್ತಾಳೆ, ಅಷ್ಟರಲ್ಲಿ ಡಿಫೆಂಡರ್‌ಗಳು ಬಂದು ಚಹಾ ಕುಡಿದು ನಿಂತಿರ್ತಾರೆ. ಭವ್ಯ ಎತ್ತರ ಇದ್ದಾಳೆ, ಮೇಲಿನ ಚೆಂಡು ಸಲೀಸು, ನೆಲದ ಚೆಂಡಿಗೆ ಬಗ್ಗೋದು ತಡ. ಒಂದು ಗೋಲು ಬಿಟ್ಟಳು.

ಗಂಗಾ ಮೂರು ಬಿಟ್ಟಳು. ಮೂರೂ ಅವಳ ಎಡಗಡೆ. ಬರೆಯೋಕೆ ಬೇಜಾರು, ಆದರೆ ನೀವು ಸರಿಯಾಗಿ ಬರಿ ಅಂದಿದ್ದೀರಿ. ಹಿಡಿಯಬೇಕಾದ ಚೆಂಡನ್ನೆಲ್ಲ ಗುದ್ದಿ ಕಳಿಸ್ತಾಳೆ. ಅದೂ ಬಲಗೈ ಮುಷ್ಟಿಯಿಂದ. ಎದೆ ಮಟ್ಟಕ್ಕೆ ನೇರ ಬಂದ ಚೆಂಡನ್ನೂ ಹಿಡೀಲಿಲ್ಲ, ಹೊಟ್ಟೆಗೆ ಒತ್ಕೊಂಡು ಬಿದ್ದಳು. ಹೋದ ವರ್ಷ ಶಿರಾದಲ್ಲಿ ಇವಳ ಆಟ ನೋಡಿದ್ದೆ. ಇದು ಆ ಗಂಗಾ ಅಲ್ಲ.

ಭೀಮರಾಜು


ಶಿರಾ
10 ಆಗಸ್ಟ್ 2025

ಭೀಮ,

ಕಾಗದ ಮೂರು ಸಲ ಓದಿದೆ. ಸರೋಜಮ್ಮ ಬಿ.ಪಿ. ಮಾತ್ರೆ ತಂದಿಟ್ಟಳು.

ಒದ್ದೆ ಮೈದಾನದಲ್ಲಿ ಚೆಂಡು ಜಾರುತ್ತೆ, ಆಗ ಗುದ್ದೋದೇ ಸರಿಯಾದ ಆಟ. ಅಷ್ಟು ನಿನಗೆ ಗೊತ್ತಿರಬೇಕಿತ್ತು. ಆ ಕೋಚ್ ಮೇಡಂ ಬೇಕು ಅಂತಲೇ ದಡ್ಡ ಡಿಫೆಂಡರ್‌ಗಳನ್ನ ಗಂಗಾ ಮುಂದೆ ನಿಲ್ಲಿಸಿರ್ತಾಳೆ. ಭವ್ಯನ್ನ ಮೊದಲೇ ಆರಿಸಿ ಇಟ್ಟುಕೊಂಡಿರಬೇಕು. ಎತ್ತರ ನೋಡಿ ಕೀಪರ್ ಆರಿಸೋದಾದರೆ ತೆಂಗಿನಮರ ತಂದು ನಿಲ್ಲಿಸಲಿ.

ನೀನು ಒಂದು ಕೆಲಸ ಮಾಡು. ಪ್ರಾಕ್ಟೀಸ್ ಮುಗಿದ ಮೇಲೆ ಗಂಗಾನ ಕಂಡು ಹೇಳು: ಮೊದಲ ಹೆಜ್ಜೆ ಮುಂದಕ್ಕೆ ಇಡು, ಪಕ್ಕಕ್ಕಲ್ಲ. ಮೇಲಿನ ಚೆಂಡಿಗೆ ಕೂಗು ಹಾಕು. ಟೇಪು ಗ್ಲೌಸಿನ ಒಳಗೇ ಇರಲಿ, ಯಾರ ಎದುರಿಗೂ ಗ್ಲೌಸ್ ತೆಗೀಬೇಡ. ಇನ್ನು ಹನ್ನೆರಡು ದಿನ ತಾನೇ. ಇಷ್ಟು ಹೇಳಿ ಬಾ.

ಶಂ.


ಮಧುಗಿರಿ
12 ಆಗಸ್ಟ್ 2025

ಮೇಷ್ಟ್ರೇ,

ಮೊದಲನೇದಾಗಿ, ಮೈದಾನ ಒದ್ದೆಯಾಗಿಲ್ಲ. ಹದಿನೈದು ದಿನದಿಂದ ಇಲ್ಲಿ ಒಂದು ಹನಿ ಬಿದ್ದಿಲ್ಲ. ಹುಡುಗಿಯರು ಓಡಿದರೆ ಕೆಂಪು ಧೂಳು ಏಳುತ್ತೆ.

ಎರಡನೇದು, ಯಾವ ಟೇಪು?

ಇದನ್ನ ನಿಮ್ಮನ್ನ ಕೇಳೋಕೆ ಮುಂಚೆ ಅವಳನ್ನೇ ಕೇಳಿದೆ. ನೀರಿನ ಡ್ರಮ್ಮಿನ ಹತ್ತಿರ ಒಬ್ಬಳೇ ಇದ್ದಳು.

“ಗಂಗಮ್ಮ, ಎಡಗೈ ತೋರ್ಸು,” ಅಂದೆ.

“ಯಾಕಣ್ಣ? ಏನಾಗಿಲ್ಲ.”

“ಏನಾಗಿಲ್ಲ ಅಂದ್ರೆ ಗ್ಲೌಸ್ ತೆಗಿ.”

ಅತ್ತ ಇತ್ತ ನೋಡಿ ತೆಗೆದಳು. ಮಣಿಕಟ್ಟಿಗೆ ನಾಲ್ಕು ಸುತ್ತು ಬಿಗಿ ಟೇಪು. ಅದರ ಮೇಲೆ ಹೆಬ್ಬೆರಳ ಬುಡ ಊದಿ ಹೊಳೀತಾ ಇತ್ತು. ಬೆರಳು ಮಡಚು ಅಂದೆ. ಮಡಚಲಿಲ್ಲ, ಕಣ್ಣಲ್ಲಿ ನೀರು ಬಂತು.

“ಕ್ಯಾಂಪಿಗೆ ಬರೋಕೆ ಹತ್ತು ದಿನ ಮುಂಚೆ ಬಿದ್ಬುಟ್ಟೆ ಅಣ್ಣ. ಮೇಷ್ಟ್ರ ಮನೆಗೆ ಹೋಗಿ ತೋರ್ಸಿದೆ. ಉಳುಕದೆ ಅಂತ ಅವ್ರೇ ಸುತ್ತಿಕೊಟ್ರು. ಲಿಸ್ಟ್ ಆಗಗಂಟ ಯಾರ್ಗೂ ಹೇಳ್ಬ್ಯಾಡ ಅಂದವ್ರೆ. ನೀನೂ ಹೇಳ್ಬ್ಯಾಡ ಕಣಣ್ಣ. ಅಪ್ಪ ಒಂದೇ ವರ್ಸ ಟೈಮ್ ಕೊಟ್ಟಿರೋದು.”

ಮೇಷ್ಟ್ರೇ, ಇದು ಉಳುಕಲ್ಲ. ಹತ್ತು ದಿನಕ್ಕೆ ಇಳೀಬೇಕಾದ ಊತ ಇಪ್ಪತ್ತು ದಿನ ಆದರೂ ಹಂಗೇ ಇದೆ. ಇಲ್ಲಿ ಪ್ರಿಯಾಂಕ ಅಂತ ತಂಡದ ಫಿಸಿಯೋ ಇದ್ದಾರೆ, ಒಳ್ಳೆಯವರು. ಅವರಿಗೆ ತೋರಿಸೋಣ. ನೀವೇ ಗಂಗಾಗೆ ಎರಡು ಸಾಲು ಬರೆದುಕೊಡಿ, ನಿಮ್ಮ ಮಾತಾದರೆ ಕೇಳ್ತಾಳೆ. ಎರಡು ದಿನ ಕಾಯ್ತೀನಿ.

ಭೀಮರಾಜು


ಶಿರಾ
13 ಆಗಸ್ಟ್ 2025

ಲೇ ಭೀಮ,

ನೀನು ಯಾವಾಗ ಮೂಳೆ ಡಾಕ್ಟರಾದೆ? ತಾಲ್ಲೂಕು ಕಚೇರಿಯಲ್ಲಿ ಪಹಣಿ ಜೊತೆ ಅದನ್ನೂ ಕೊಡ್ತಾರಾ?

ಆಡುವವರಿಗೆ ಕೈಕಾಲು ನೋಯುತ್ತೆ. ನೋವಿಲ್ಲದೆ ಆಡಿದವರನ್ನ ನಾನು ನೋಡಿಲ್ಲ. ಫಿಸಿಯೋಗೆ ಹೇಳಿದರೆ ಅವರು ಮಾಡೋದು ಒಂದೇ, ಹೆಸರಿನ ಮೇಲೆ ಗೀಟು ಎಳೀತಾರೆ. ಹತ್ತು ವರ್ಷದ ಬೆವರು ಒಂದು ಗೀಟಲ್ಲಿ ಹೋಗುತ್ತೆ. ಆಮೇಲೆ ಚಿಕ್ಕನರಸಯ್ಯ ಅವಳನ್ನ ಗಾರ್ಮೆಂಟ್ಸ್‌ಗೆ ಕಳಿಸ್ತಾನೆ. ಮುಂದಿನ ವರ್ಷ ಅಂತ ಒಂದಿಲ್ಲ ಕಣ್ಲಾ ನಮ್ಮ ಹುಡುಗಿಯರಿಗೆ. ನಿನಗೆ ಇದು ಗೊತ್ತಿದ್ದೂ ಗೊತ್ತಿಲ್ಲದವನ ಥರ ಬರೀತೀಯ.

ಇನ್ನು ಒಂಬತ್ತು ದಿನ. ಲಿಸ್ಟಲ್ಲಿ ಹೆಸರು ಬರಲಿ, ಆ ಸಂಜೆಯೇ ನಾನೇ ಎಕ್ಸ್‌ರೇ ಮಾಡಿಸ್ತೀನಿ. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿರು. ನಾನು ಆಟ ನೋಡು ಅಂದೆನೇ ಹೊರತು ಆಟದ ಮಧ್ಯೆ ತಲೆ ಹಾಕು ಅನ್ನಲಿಲ್ಲ.

ಶಂಕರಲಿಂಗಪ್ಪ


ಮಧುಗಿರಿ
16 ಆಗಸ್ಟ್ 2025

ಮೇಷ್ಟ್ರೇ,

ಹೇಳಿಬಿಟ್ಟೆ. ನಿಮ್ಮ ಕಾಗದ ಜೇಬಲ್ಲಿ ಇಟ್ಟುಕೊಂಡೇ ಹೋಗಿ ಪ್ರಿಯಾಂಕ ಮೇಡಂಗೆ ಹೇಳಿಬಿಟ್ಟೆ.

ಹದಿನಾಲ್ಕನೇ ತಾರೀಕು ಸಾಯಂಕಾಲ ಲೋಹಿತಾ ಹೊಡೆದ ಚೆಂಡು ಗಂಗಾ ಎಡಗೈಗೆ ಬಡೀತು. ಅವಳು ಕೂಗಲಿಲ್ಲ. ಗೋಲ್ ಕಂಬಕ್ಕೆ ಹಣೆ ಒತ್ತಿ ನಿಂತಳು. ಪಕ್ಕದಲ್ಲಿ ಕದಿರಯ್ಯ ‘ಏಂದಮ್ಮಾ, ಈ ಹುಡುಗಿಗೆ ಆಡೋಕೇ ಬರಲ್ಲ, ಕಳಿಸಿಬುಡ್ರಪ್ಪ’ ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ‘ಸುಮ್ಮನಿರ್ರೀ, ಅವಳ ಕೈ ಮುರಿದಿದೆ’ ಅಂದುಬಿಟ್ಟೆ. ಅಲ್ಲಿ ಕೂತಿದ್ದ ಇಪ್ಪತ್ತು ಜನಕ್ಕೂ ಕೇಳ್ತು. ಬಾಯಿಂದ ಬಂದ ಮೇಲೆ ಕೂತಿರೋಕೆ ಆಗಲಿಲ್ಲ, ಎದ್ದು ಒಳಗೆ ಹೋದೆ.

ಮಾರನೇ ದಿನ ರಜಾ, ಅವತ್ತೇ ಕ್ಲಬ್ಬಿನ ವ್ಯಾನಲ್ಲಿ ತುಮಕೂರಿಗೆ ಕರ್ಕೊಂಡು ಹೋದರು. ಅವಳ ಕಡೆಯೋರು ಯಾರೂ ಇಲ್ಲ ಅಂತ ನಾನೂ ಹತ್ತಿದೆ. ಕೊರಟಗೆರೆಯಲ್ಲಿ ಟೀಗೆ ನಿಲ್ಲಿಸಿದಾಗ ಗಂಗಾ ಇಳೀಲಿಲ್ಲ. ಕಿಟಕಿಯಿಂದ ಲೋಟ ಕೊಟ್ಟೆ, ತಗೊಳ್ಳಲಿಲ್ಲ.

“ಅಣ್ಣ, ನಿನ್ನ ಯಾರು ಕೇಳಿದ್ರು?” ಅಂದಳು. ಕಿಟಕಿ ಗಾಜು ಎಳ್ಕೊಂಡಳು.

ಮಣಿಕಟ್ಟಿನ ಸಣ್ಣ ಮೂಳೆ ಬಿರುಕು ಬಿಟ್ಟಿದೆ. ಇನ್ನು ಹದಿನೈದು ದಿನ ಹೀಗೇ ಚೆಂಡು ತಿಂದಿದ್ದರೆ ಮೂಳೆ ಎರಡು ತುಂಡಾಗಿ, ಆಪರೇಷನ್ ಮಾಡಿದರೂ ಕೈ ಪೂರ್ತಿ ಬಗ್ಗೋದು ಕಷ್ಟ ಆಗ್ತಿತ್ತು ಅಂದರು ಡಾಕ್ಟರು. ಈಗ ಎರಡು ತಿಂಗಳು ಪಿ.ಒ.ಪಿ. ಕಟ್ಟು. ಸರಿಹೋಗುತ್ತೆ ಅಂದಿದ್ದಾರೆ.

ಕ್ಯಾಂಪಿಂದ ಹೊರಗೆ. ನೀವು ಹೇಳಿದ್ದೇ ಆಯಿತು, ಗೀಟು ಎಳೆದರು.

ಮೇಷ್ಟ್ರೇ, ಇಪ್ಪತ್ತೆಂಟು ವರ್ಷ ನಿಮಗೆ ಒಂದು ಮಾತು ಹೇಳಿಲ್ಲ. ತೊಂಬತ್ತೇಳರ ಜಿಲ್ಲಾ ಫೈನಲ್. ಹಿಂದಿನ ದಿನ ನನ್ನ ಬಲ ಮೊಣಕಾಲು ತಿರುಗಿತ್ತು. ನೀವು ಬಟ್ಟೆ ಸುತ್ತಿ ‘ಏನೂ ಆಗಲ್ಲ, ಕಟ್ಕೊಂಡು ಆಡು’ ಅಂದಿರಿ. ಆಡಿದೆ. ಕಪ್ಪು ಗೆದ್ದೆವು. ಅದು ಈಗಲೂ ಶಾಲೆಯ ಬೀರುವಿನಲ್ಲಿದೆ. ಆಮೇಲೆ ಯೂನಿವರ್ಸಿಟಿ ಸೆಲೆಕ್ಷನ್ನಿಗೆ ನಾನು ಹೋಗಲಿಲ್ಲ. ಭೀಮ ಆಟದ ಮೇಲೆ ಆಸೆ ಬಿಟ್ಟ, ಗೌರ್ನಮೆಂಟ್ ಕೆಲಸದ ಹಿಂದೆ ಬಿದ್ದ ಅಂತ ನೀವು ಊರೆಲ್ಲ ಹೇಳಿದಿರಿ. ನಾನು ಹೋಗದೆ ಇದ್ದದ್ದು ಓಡೋಕೆ ಆಗದೆ. ಇವತ್ತಿಗೂ ಕಚೇರಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡೀತೀನಿ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿಲ್ಲ ಅಂತ ಬರೆದು ಒಂದು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೀನಿ. ಯಾವುದು ನಿಜವೋ ನನಗೂ ಗೊತ್ತಿಲ್ಲ. ಗಂಗಾ ಕೈ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ, ಅಷ್ಟೇ.

ಭೀಮರಾಜು


ಮಧುಗಿರಿ
23 ಆಗಸ್ಟ್ 2025

ಮೇಷ್ಟ್ರಿಗೆ ನಮಸ್ಕಾರ.

ಒಂದು ವಾರ ಆಯಿತು. ದಿನಾ ತಿಪ್ಪೇಶನ ಬಸ್ಸಿಗೆ ಕಾದು ಕೇಳಿದೆ. ಅವನಿಗೂ ಬೇಜಾರಾಗಿ ‘ಏನಾದ್ರೂ ಇದ್ರೆ ನಾನೇ ಕೊಡ್ತೀನಿ ಬುಡಣ್ಣ’ ಅಂದ.

ನಿನ್ನೆ ಲಿಸ್ಟು ಆಯಿತು. ಭವ್ಯ ಇದ್ದಾಳೆ. ಎಡಗಾಲು ಇಲ್ಲದ ಲೋಹಿತಾನೂ ಇದ್ದಾಳೆ. ಕದಿರಯ್ಯ ಲಿಸ್ಟಿಗೂ ತಲೆ ಚಚ್ಕೊಂಡರು. ಆಮೇಲೆ ಮೆಲ್ಲಗೆ ‘ಆ ಕೈ ಮುರಿದ ಅಮ್ಮಾಯಿ ಹೆಂಗಿದ್ದಾಳೆ’ ಅಂತ ಕೇಳಿದರು.

ಬೆಳೆ ಸಮೀಕ್ಷೆಗೆ ಅಂತ ನನ್ನನ್ನ ಮೂರು ವಾರ ಪಾವಗಡಕ್ಕೆ ಹಾಕಿದ್ದಾರೆ, ನಾಳೆ ಹೊರಡ್ತೀನಿ. ಕೆಂಪುಗರಿಯೋರು ಸೆಪ್ಟೆಂಬರ್ ಆರಕ್ಕೆ ತುಮಕೂರಿನ ಒಂದು ಕಾಲೇಜ್ ಟೀಮಿನ ಜೊತೆ ಮ್ಯಾಚ್ ಆಡಿ ಕ್ಯಾಂಪ್ ಮುಗಿಸ್ತಾರಂತೆ. ನನಗೆ ಅದೂ ಇಲ್ಲ. ಕಾಗದ ಬರೆಯೋ ಮನಸ್ಸಾದರೆ ಪಾವಗಡ ತಾಲ್ಲೂಕು ಕಚೇರಿ ವಿಳಾಸಕ್ಕೆ ಹಾಕಿ.

ಭೀಮರಾಜು


ಶಿರಾ
7 ಸೆಪ್ಟೆಂಬರ್ 2025

ಭೀಮರಾಜು,

ನಿನಗೆ ಬರೆಯೋಕೆ ನಾಲ್ಕು ಸಲ ಕೂತೆ. ಮೊದಲಿನ ಎರಡರಲ್ಲಿ ನಿನ್ನನ್ನ ಬೈದಿದ್ದೆ. ಮೂರನೇದರಲ್ಲಿ ಆ ಫಿಸಿಯೋನ ಬೈದಿದ್ದೆ. ಮೂರನ್ನೂ ಸರೋಜಮ್ಮ ಓದಿದಳು. ನಿನ್ನ ಹದಿನಾರನೇ ತಾರೀಕಿನ ಕಾಗದವನ್ನೂ ಓದಿದಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೆಷಿನ್ ತೆಗೆದಿಟ್ಟಿದ್ದರಿಂದ ಅದು ನನಗೆ ಗೊತ್ತಾಗಿದ್ದು ಎರಡನೇ ದಿನ.

ನಿನ್ನೆ ನಾನು ಮಧುಗಿರಿಗೆ ಹೋಗಿದ್ದೆ. ಹೋದ ವಾರವೇ ಡಾಕ್ಟರು ವಾಕರ್ ಹಿಡಿದು ಓಡಾಡಿ ಅಂದರು. ಕಾರು ಮಾಡಿಸಿಕೊಂಡು ತಾವರೆಕೆರೆಗೆ ಹೋಗಿ, ಗಂಗಾನ ಕೂರಿಸಿಕೊಂಡು ಹೋದೆ. ಬರಲ್ಲ ಅಂದಳು. ಚಿಕ್ಕನರಸಯ್ಯ ‘ಮೇಷ್ಟ್ರು ಮನೆ ಬಾಗ್ಲಿಗೆ ಬಂದವ್ರೆ, ಎದ್ದೋಗು’ ಅಂದ ಮೇಲೆ ಬಂದಳು. ದಾರಿಯುದ್ದಕ್ಕೂ ಹೊರಗೆ ನೋಡ್ತಾ ಕೂತಿದ್ದಳು. ಮೈದಾನದಲ್ಲೂ ನನ್ನ ಪಕ್ಕದ ಕುರ್ಚಿ ಬಿಟ್ಟು ಅದರಾಚೆ ಕೂತಳು.

ಮ್ಯಾಚಿಗೆ ಮುಂಚೆ ಕೋಚ್ ಮೇಡಂ ನಮ್ಮ ಹತ್ತಿರ ಬಂದರು. ಕನ್ನಡ ಚೆನ್ನಾಗೇ ಮಾತಾಡ್ತಾರೆ. ಗಂಗಾ ಕೈ ನೋಡಿದರು. ಆಮೇಲೆ ಕೇಳಿದರು, “ನೋವು ಮುಚ್ಚಿಡು ಅಂತ ನಿಂಗೆ ಯಾರು ಹೇಳಿಕೊಟ್ಟಿದ್ದು?”

ಗಂಗಾ ನೆಲ ನೋಡ್ತಾ ನಿಂತಳು. ನನ್ನ ಮೇಲೆ ಅಷ್ಟು ಸಿಟ್ಟಿದ್ದೂ ನನ್ನ ಹೆಸರು ಹೇಳಲಿಲ್ಲ ಕಣೋ.

“ನಾನಮ್ಮ,” ಅಂದೆ. “ನಾನೇ ಹೇಳಿದ್ದು. ನಾನೇ ಟೇಪು ಸುತ್ತಿದ್ದು.”

ಆಯಮ್ಮ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. “ಇನ್ನು ಮೇಲೆ ಇವಳ ಕೈ ವಿಚಾರ ನೀವು ನೋಡಬೇಡಿ ಸರ್,” ಅಂದರು. ಆಮೇಲೆ ಗಂಗಾಗೆ, “ಜನವರಿಯಲ್ಲಿ ಬಾ. ಕೈ ಹೇಗಿದೆ ನೋಡ್ತೀನಿ. ತಗೋತೀನಿ ಅಂತ ಹೇಳ್ತಿಲ್ಲ, ನೋಡ್ತೀನಿ,” ಅಂದರು. ಅಷ್ಟೇ ಸಿಕ್ಕಿದ್ದು. ಚಿಕ್ಕನರಸಯ್ಯನ ಹತ್ತಿರ ಜನವರಿವರೆಗೆ ಟೈಮು ಕೇಳಿದ್ದೀನಿ. ಅವನು ಹ್ಞೂಂ ಅಂದಿಲ್ಲ, ಊಹೂಂನೂ ಅಂದಿಲ್ಲ. ಮತ್ತೆ ಹೋಗಿ ಕೇಳ್ತೀನಿ.

ಇನ್ನು ನಿನ್ನ ವಿಚಾರ. ಆ ಮೊಣಕಾಲು ನನಗೆ ನೆನಪಿಲ್ಲ ಅಂತ ನೀನು ತಿಳಿದಿದ್ದೀಯ. ನೆನಪಿದೆ ಭೀಮ. ಅವತ್ತು ಬೆಳಗ್ಗೆ ಬಟ್ಟೆ ಸುತ್ತುವಾಗ ನನ್ನ ಅಂಗೈ ಅಡಿಯಲ್ಲಿ ಬಿಸಿಯಾಗಿ ಊದಿತ್ತು. ಆಡಬಾರದು ಅಂತ ನನಗೆ ಗೊತ್ತಾಯಿತು. ನೀನಿಲ್ಲದೆ ಗೆಲ್ಲಲ್ಲ ಅಂತಲೂ ಗೊತ್ತಿತ್ತು. ಆಮೇಲೆ ನೀನು ಸೆಲೆಕ್ಷನ್ನಿಗೆ ಹೋಗದೆ ಇದ್ದಾಗ, ಹುಡುಗನಿಗೆ ಆಸೆ ಇಲ್ಲ ಅಂತ ಹೇಳಿಕೊಂಡು ತಿರುಗಿದೆ. ಊರಿಗಿಂತ ಮೊದಲು ನನಗೆ ನಾನೇ ಹೇಳಿಕೊಂಡೆ. ನಿನ್ನನ್ನ ಹಾಳು ಮಾಡಿದವನು ನಾನು. ಅದೇ ಕೈಯಿಂದ ಅವಳಿಗೂ ಸುತ್ತಿದೆ. ತಪ್ಪಾಯಿತು. ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ.

ಈಗ ಮ್ಯಾಚು. ಲೋಹಿತಾ ಬಗ್ಗೆ ನೀನು ಬರೆದದ್ದು ಅಕ್ಷರಶಃ ನಿಜ. ಆ ಹುಡುಗಿಗೆ ಎಡಗಾಲು ಇರೋದು ನಿಲ್ಲೋಕೆ ಮಾತ್ರ. ಡಿಫೆನ್ಸು ಪರವಾಗಿಲ್ಲ. ಭವ್ಯ ಹತ್ತೇ ನಿಮಿಷದಲ್ಲಿ ನೆಲದ ಚೆಂಡು ಬಿಟ್ಟಳು. ಒಂದು ಗೋಲು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಇಪ್ಪತ್ತೈದನೇ ನಿಮಿಷಕ್ಕೆ ಅದೇ ಥರ ಇನ್ನೊಂದು ಬಂತು, ಕಂಬಕ್ಕೆ ತಾಗಿ ಹೊರಗೆ ಹೋಯಿತು. ಪಕ್ಕದಲ್ಲಿ ಕುರ್ಚಿ ಬಿದ್ದ ಸದ್ದು. ಗಂಗಾ ಎದ್ದು ನಿಂತಿದ್ದಳು.

“ಭವ್ಯಾ! ಮಂಡಿ ಬಗ್ಸೇ! ಚೆಂಡು ಒದೆಯೋಕ್ ಮುಂಚೆನೇ ಬಗ್ಸು!”

ಭವ್ಯ ತಿರುಗಿ ನೋಡಿದಳು. ಅರ್ಧ ಆಟ ಮುಗಿದಾಗ ನೇರ ನಮ್ಮ ಕಡೆಗೇ ಬಂದಳು. ಇಬ್ಬರೂ ಏನೇನೋ ಮಾತಾಡಿಕೊಂಡರು, ನನ್ನ ಮೆಷಿನ್ನಿಗೆ ಸಿಗಲಿಲ್ಲ. ಆಮೇಲೆ ಗಂಗಾ ಬಿಳಿ ಕಟ್ಟಿನ ಕೈ ಎದೆಗೆ ಹಿಡಿದುಕೊಂಡು ಹೋಗಿ ಗೋಲಿನ ಹಿಂದೆ ನಿಂತಳು. ಉಳಿದ ನಲವತ್ತೈದು ನಿಮಿಷ ಅಲ್ಲೇ. ಮೈದಾನಕ್ಕೆಲ್ಲ ಕೇಳೋ ಹಾಗೆ ಕೂಗಿ ಎಡಕ್ಕೆ ಅಂತಾಳೆ, ಮುಂದಕ್ಕೆ ಅಂತಾಳೆ, ಬುಡು ಅಂತಾಳೆ. ಭವ್ಯ ಇನ್ನೊಂದು ಬಿಡಲಿಲ್ಲ. ಎರಡು–ಒಂದಕ್ಕೆ ಗೆದ್ದರು.

ಅವಳು ಹೇಳಿದ್ದರಲ್ಲಿ ಎರಡು ಮಾತು ನಾನು ಕಲಿಸಿದ್ದಲ್ಲ. ಒಂದಂತೂ ನಾನು ಕಲಿಸಿದ್ದಕ್ಕೆ ಪೂರ್ತಿ ಉಲ್ಟಾ. ಎದ್ದು ಹೋಗಿ ತಿದ್ದಬೇಕು ಅನ್ನಿಸಿತು. ವಾಕರ್ ಹಿಡಿದೆ ಕೂಡ. ಅಷ್ಟರಲ್ಲಿ ಭವ್ಯ ಆ ಮಾತು ಕೇಳಿಯೇ ಚೆಂಡು ಹಿಡಿದಳು. ನಾನು ವಾಕರ್ ಪಕ್ಕಕ್ಕಿಟ್ಟು ಕೂತೆ.

ಶಂಕರಲಿಂಗಪ್ಪ